ಮಿಯಾಟಾ ಎನ್‌ಬಿ 1999: ವೀಲ್ ಬೇರಿಂಗ್ ಬದಲಿಸುವಾಗ ಹಳೆ ಆಕ್ಸಲ್ ನಟ್ ಮತ್ತೆ ಹಾಕಬಹುದೇ?

ನೀಲಿ_ಎನ್‌ಬಿ

ಎಲ್ಲರಿಗೂ ನಮಸ್ಕಾರ. ಗಾಡಿ 1999ರ ಮಾಜ್ದಾ ಎಂಎಕ್ಸ್-5 ಮಿಯಾಟಾ (ಎರಡನೇ ತಲೆಮಾರಿನದು, ಎನ್‌ಬಿ ಅಂತಾರೆ), 1.8 ಎಂಜಿನ್, ಎಬಿಎಸ್ ಇಲ್ಲ. ಇರುವುದು ಮಿಷಿಗನ್‌ನಲ್ಲಿ, ಹಾಗಾಗಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪಿನಿಂದ ಕೆಳಗೆಲ್ಲ ತುಕ್ಕು. ಬೇಸಿಗೆಯಲ್ಲಿ ಆಟೋಕ್ರಾಸ್ (ಕೋನ್‌ಗಳ ನಡುವೆ ಸಮಯ ಲೆಕ್ಕದಲ್ಲಿ ಓಡಿಸುವ ಸ್ಪರ್ಧೆ) ಓಡುತ್ತೆ.

ಹಿಂದಿನ ಬಲ ಚಕ್ರದಿಂದ ಗಂಟೆಗೆ 60 ಕಿ.ಮೀ. ವೇಗ ದಾಟಿದ ಮೇಲೆ ಗುಂಯ್ ಅಂತ ಸದ್ದು. ಎಡಕ್ಕೆ ತಿರುಗಿಸಿದರೆ ಜಾಸ್ತಿ, ಬಲಕ್ಕೆ ತಿರುಗಿಸಿದರೆ ಬಹುತೇಕ ನಿಲ್ಲುತ್ತೆ. ಮುಂದಿನ ಎಡ ಚಕ್ರದಲ್ಲಿ ಸದ್ದಿಲ್ಲ, ಆದರೆ ಜ್ಯಾಕ್ ಮೇಲೆತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಪ್ಲೇ (ಸಡಿಲ ಅಲುಗಾಟ) ಸಿಗುತ್ತೆ. ಮುಂದಕ್ಕೆ ಹಬ್ (ಚಕ್ರ ಕೂರುವ ನಡುಭಾಗ) ಸೆಟ್, ಹಿಂದಕ್ಕೆ ಬೇರಿಂಗ್ ತರಿಸಿದ್ದೇನೆ. ಎರಡೂ ಡಬ್ಬಿಯಲ್ಲಿ ನಟ್ ಇಲ್ಲ.

ಕೇಳಬೇಕಾದ್ದು: ಹಳೆ ನಟ್ ಮತ್ತೆ ಹಾಕಿದರೆ ನಡೆಯುತ್ತಾ? ಟಾರ್ಕ್ (ನಟ್ ತಿರುಗಿಸಿ ಬಿಗಿಯುವ ಬಲ) ಎಷ್ಟು? ಒಂದು ಪಕ್ಕ ಬದಲಿಸಿದರೆ ಇನ್ನೊಂದು ಪಕ್ಕವೂ ಬದಲಿಸಲೇಬೇಕಾ?

ಪ್ರೆಸ್‌ಶಾಪ್

ಬೇರಿಂಗ್ ಬ್ರೇಕ್ ಪ್ಯಾಡ್ ಅಲ್ಲ, ಜೋಡಿಯಾಗಿ ಹಾಕಬೇಕೆಂಬ ನಿಯಮವಿಲ್ಲ. ಹೋಗಿದ್ದನ್ನು ಮಾತ್ರ ಹಾಕಿ. ಆದರೆ ಬಿಚ್ಚುವ ಮುಂಚೆ ರೋಗ ಖಾತ್ರಿ ಮಾಡಿಕೊಳ್ಳಿ. ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ಬೀಳುತ್ತೆ, ಆಗ ಸದ್ದು ಏರಿದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ ಸರಿಯೇ. ಅಂಚು ಅಂಕುಡೊಂಕಾಗಿ ಸವೆದ ಟೈರ್ ಕೂಡ ಇದೇ ಥರ ಗುಂಯ್‌ಗುಟ್ಟುತ್ತೆ. ಮುಂದಿನ-ಹಿಂದಿನ ಚಕ್ರ ಅದಲುಬದಲು ಮಾಡಿ ಓಡಿಸಿ. ಸದ್ದು ಚಕ್ರದ ಜೊತೆ ಜಾಗ ಬದಲಿಸಿದರೆ ಟೈರ್, ಅಲ್ಲೇ ಉಳಿದರೆ ಬೇರಿಂಗ್. ಇನ್ನೂ ಸಂಶಯವಿದ್ದರೆ ಗಾಡಿ ಎತ್ತಿ, ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಡಿ. ಹಾಳಾದ ಬೇರಿಂಗ್‌ನ ಒರಟುತನ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತೆ.

ಮುಂದಿನ ಪ್ಲೇ ಬಗ್ಗೆ: ಮೇಲೆ-ಕೆಳಗೆ ಹಿಡಿದಾಗ ಅಲುಗಿದರೆ ಬೇರಿಂಗ್ ಇರಬಹುದು, ಬಾಲ್ ಜಾಯಿಂಟ್ (ಸಸ್ಪೆನ್ಷನ್‌ನ ಗುಂಡು ಕೀಲು) ಕೂಡ ಇರಬಹುದು. ಯಾರಾದರೂ ಬ್ರೇಕ್ ಒತ್ತಿ ಹಿಡಿಯಲಿ, ನೀವು ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಹೋದರೆ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್. ಡಯಲ್ ಗೇಜ್ ಇದ್ದರೆ ಡಿಸ್ಕ್ ತೆಗೆದು ಹಬ್ ಮುಖಕ್ಕೆ ಇಟ್ಟು ನೋಡಿ. ಒಳಗೆ-ಹೊರಗೆ 0.05 ಮಿ.ಮೀ. ದಾಟಬಾರದು.

ಮುಂದಿನದು ಸುಲಭದ ಕೆಲಸ. ಬೇರಿಂಗ್ ಹಬ್ ಒಳಗೇ ಬರುತ್ತೆ, ಪ್ರೆಸ್ ಬೇಡ. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ತೂಗುಹಾಕಿ (ಹೋಸ್ ಮೇಲೆ ಭಾರ ಬಿಡಬೇಡಿ), ಬ್ರಾಕೆಟ್, ಡಿಸ್ಕ್ ತೆಗೆಯಿರಿ, ಧೂಳಿನ ಮುಚ್ಚಳ ಎಬ್ಬಿಸಿ, 29 ಮಿ.ಮೀ. ಸಾಕೆಟ್‌ನಿಂದ ನಟ್ ಬಿಚ್ಚಿ. ಹಬ್ ಕೈಯಲ್ಲೇ ಈಚೆ ಬರುತ್ತೆ. ಸ್ಪಿಂಡಲ್‌ನ ಹೆಗಲನ್ನು ತಂತಿ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ. ಒಳರಿಂಗ್ ಕೂರುವುದು ಅಲ್ಲೇ. ತುಕ್ಕಿನ ಪದರದ ಮೇಲೆ ಟಾರ್ಕ್ ಹಾಕಿದರೆ ನಾಲ್ಕು ದಿನ ಓಡಿದ ಮೇಲೆ ಆ ತುಕ್ಕು ಪುಡಿಯಾಗಿ ಬಿಗಿತ ಇಳಿಯುತ್ತೆ. ಮುಂದಿನ ನಟ್ ಟಾರ್ಕ್ 167ರಿಂದ 216 ನ್ಯೂಟನ್ ಮೀಟರ್.

ಹಿಂದಿನದಕ್ಕೆ ಪ್ರೆಸ್ ಬೇಕು. ಆಕ್ಸಲ್ ನಟ್ ಸಾಕೆಟ್ ಅದೇ 29, ಟಾರ್ಕ್ ಮಾತ್ರ 216ರಿಂದ 294 ನ್ಯೂಟನ್ ಮೀಟರ್. ಅಪ್‌ರೈಟ್ (ಬೇರಿಂಗ್ ಕೂರುವ, ಸಸ್ಪೆನ್ಷನ್‌ಗೆ ಸೇರುವ ಭಾಗ) ಗಾಡಿಯಿಂದ ಪೂರ್ತಿ ಇಳಿಸಿದರೆ ಬೆಂಚಿನ ಮೇಲೆ ಆರಾಮಾಗಿ ಮಾಡಬಹುದು. ಮೊದಲು ಹಬ್ ಒತ್ತಿ ಹೊರತೆಗೆಯಿರಿ. ಈ ಹಂತದಲ್ಲಿ ಒತ್ತಡವೆಲ್ಲ ಗುಂಡುಗಳ ಮೂಲಕ ಹಾಯುವುದರಿಂದ ಹಳೆ ಬೇರಿಂಗ್ ಅಲ್ಲಿಗೆ ಮುಗಿಯಿತು. ಚೆನ್ನಾಗಿದೆ ಅನಿಸಿದರೂ ಮತ್ತೆ ಹಾಕಬೇಡಿ. ಹೊರಗಡೆಯ ಒಳರಿಂಗ್ ಹಬ್ ಮೇಲೆ ಕಚ್ಚಿಕೊಂಡು ಬರುತ್ತೆ. ಗ್ರೈಂಡರ್‌ನಿಂದ ಅದನ್ನು ಓರೆಯಾಗಿ ಮುಕ್ಕಾಲು ಆಳ ಕೊಯ್ದು, ಆ ಗೆರೆಯಲ್ಲಿ ಉಳಿ ಇಟ್ಟು ಒಂದೇಟು ಹಾಕಿ. ಗಟ್ಟಿ ಉಕ್ಕಾದ್ದರಿಂದ ಟಪ್ ಅಂತ ಸೀಳುತ್ತೆ. ಗ್ರೈಂಡರ್ ಹಬ್‌ಗೆ ತಾಗಬಾರದು. ರಿಂಗ್ ಕೂರುವ ಜಾಗದಲ್ಲಿ ನೀಲಿ ಬಣ್ಣವೋ ಸುತ್ತಲೂ ಗೀರೋ ಕಂಡರೆ ರಿಂಗ್ ಅಲ್ಲಿ ತಿರುಗಿದೆ ಅಂತ ಅರ್ಥ, ಹಬ್ ಕೂಡ ಹೊಸದು ಬೇಕು.

ಆಮೇಲೆ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ) ತೆಗೆದು ಹಳೆ ಬೇರಿಂಗ್ ಒತ್ತಿ ಹೊರಗೆ ಹಾಕಿ. ಹೊಸ ಬೇರಿಂಗ್‌ನ್ನು ರಾತ್ರಿ ಫ್ರೀಜರ್‌ನಲ್ಲಿಡಿ. ಸುಮಾರು 70 ಮಿ.ಮೀ. ವ್ಯಾಸದ ಉಕ್ಕಿನ ರಿಂಗ್ 30 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದರೆ 0.04 ಮಿ.ಮೀ.ಯಷ್ಟು ಕುಗ್ಗುತ್ತೆ. ಕೇಳಲು ಕಡಿಮೆ ಅನಿಸಿದರೂ ಪ್ರೆಸ್ ಫಿಟ್‌ನಲ್ಲಿ ಅದು ದೊಡ್ಡ ಮಾತು. ಹೊರಗೆ ತೆಗೆದ ತಕ್ಷಣ ಮೇಲಿನ ನೀರಿನ ಪಸೆ ಒರೆಸಿ ಕೂರಿಸಿ.

ಎಲ್ಲರೂ ಎಡವುವುದು ಇಲ್ಲಿ. ಬೇರಿಂಗ್‌ನ್ನು ಅಪ್‌ರೈಟ್ ಒಳಗೆ ತಳ್ಳುವಾಗ ಹೊರರಿಂಗ್ ಮೇಲೆ ಮಾತ್ರ ಒತ್ತಬೇಕು. ಹಬ್‌ನ್ನು ಬೇರಿಂಗ್ ಒಳಗೆ ತಳ್ಳುವಾಗ ಹಿಂದಿನಿಂದ ಒಳರಿಂಗ್‌ಗೆ ಆಧಾರ ಕೊಡಬೇಕು. ಅಪ್‌ರೈಟ್‌ನ್ನೇ ಪ್ರೆಸ್ ಹಾಸಿನ ಮೇಲಿಟ್ಟು ಹಬ್ ಒತ್ತಿದರೆ ಟನ್‌ಗಟ್ಟಲೆ ಭಾರ ಗುಂಡುಗಳ ಮೇಲೆ ಬಿದ್ದು ಓಟದ ದಾರಿಯಲ್ಲಿ ಸಣ್ಣ ಕುಳಿ ಬೀಳುತ್ತೆ. ಕಣ್ಣಿಗೆ ಏನೂ ಕಾಣಲ್ಲ. ಮೊದಲ ದಿನದಿಂದಲೇ ಸಣ್ಣಗೆ ಸದ್ದು ಶುರುವಾಗುತ್ತೆ, ಜನ ಬೇರಿಂಗ್ ಕಂಪನಿಯನ್ನು ಬೈಯುತ್ತಾರೆ.

ಹೊಸ ನಟ್ ಹಾಕಿ ಅಂತಲೇ ನನ್ನ ಸಲಹೆ. ಕಾರಣ ಬೇರೆಯವರು ಬಿಡಿಸಿ ಹೇಳಲಿ.

ಘಾಟಿ_ತಿರುವು

ನಟ್ ವಿಷಯ ನಾನು ಹೇಳುತ್ತೇನೆ. ಹಾಕಲೇಬಾರದು ಅಂತಲೂ ಅಲ್ಲ, ಹಾಕಿದರೆ ಏನೂ ಆಗಲ್ಲ ಅಂತಲೂ ಅಲ್ಲ. ಯಾವ ಥರದ ನಟ್ ಅನ್ನುವುದರ ಮೇಲೆ ಹೋಗುತ್ತೆ.

ಆಕ್ಸಲ್ ನಟ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕಿರೀಟದಂತೆ ಸೀಳುಗಳಿದ್ದು ಅಡ್ಡಕ್ಕೆ ಕಾಟರ್ ಪಿನ್ ಹಾಕುವ ನಟ್: ಥ್ರೆಡ್ ಚೆನ್ನಾಗಿದ್ದರೆ ಎಷ್ಟು ಸಲ ಬೇಕಾದರೂ ಹಾಕಿ, ಪಿನ್ ಮಾತ್ರ ಪ್ರತಿಸಲ ಹೊಸದು. ಎರಡನೆಯದು ತಾನಾಗಿ ಕಚ್ಚಿಕೊಳ್ಳುವ ನಟ್. ಒಂದು ಕಡೆ ಥ್ರೆಡ್‌ನ್ನು ಬೇಕಂತಲೇ ಸೊಟ್ಟ ಮಾಡಿರುತ್ತಾರೆ, ಇಲ್ಲವೇ ನೈಲಾನ್ ರಿಂಗ್ ಇರುತ್ತೆ. ಬಿಚ್ಚಿ ಹಾಕಿದ ಪ್ರತಿಸಲವೂ ಆ ಹಿಡಿತ ಇಳಿಯುತ್ತೆ, ಹಾಗಾಗಿ ಇವು ಒಂದೇ ಸಲಕ್ಕೆ. ಮೂರನೆಯದು ನಿಮ್ಮ ಮಿಯಾಟಾದಲ್ಲಿರುವಂಥದ್ದು: ನಟ್‌ನ ಹೊರಗಡೆ ತೆಳು ಅಂಚು, ಶಾಫ್ಟ್‌ನಲ್ಲಿ ಉದ್ದಕ್ಕೆ ಒಂದು ಗ್ರೂವ್. ಬಿಗಿ ಮಾಡಿದ ಮೇಲೆ ಆ ಅಂಚನ್ನು ಬಡಿದು ಗ್ರೂವ್ ಒಳಕ್ಕೆ ಮಡಚುತ್ತಾರೆ. ಸ್ಟೇಕ್ ಮಾಡುವುದು ಅಂತಾರಲ್ಲ, ಅದೇ.

ಈ ಬಡಿದ ಅಂಚು ಬೇರಿಂಗ್‌ನ್ನು ಹಿಡಿದಿರುವುದಿಲ್ಲ. ಹಿಡಿದಿರುವುದು ಟಾರ್ಕ್‌ನಿಂದ ಬಂದ ಬಿಗಿತ. ಲೆಕ್ಕಕ್ಕೆ 20 ಮಿ.ಮೀ. ಥ್ರೆಡ್ ಅಂದುಕೊಳ್ಳಿ, 200 ನ್ಯೂಟನ್ ಮೀಟರ್ ಹಾಕಿದಿರಿ. ಒಣ ಥ್ರೆಡ್‌ಗೆ ಘರ್ಷಣೆ ಲೆಕ್ಕದ ಗುಣಕ 0.2 ಹಿಡಿದರೆ ಶಾಫ್ಟ್ ಉದ್ದಕ್ಕೆ ಹುಟ್ಟುವ ಬಲ ಸುಮಾರು 50 ಕಿಲೋನ್ಯೂಟನ್, ಐದು ಟನ್ ಭಾರದಷ್ಟು. ಒಳರಿಂಗ್‌ಗಳೆರಡನ್ನೂ ಒಂದಕ್ಕೊಂದು ಅದುಮಿ, ಬೇರಿಂಗ್ ಒಳಗಿನ ಸಂದು ಕಾರ್ಖಾನೆ ಲೆಕ್ಕ ಹಾಕಿದಷ್ಟೇ ಇರುವಂತೆ ನೋಡಿಕೊಳ್ಳುವುದು ಇದೇ ಬಲ. ಇದು ಕಡಿಮೆಯಾದರೆ ರಿಂಗ್ ತನ್ನ ಜಾಗದಲ್ಲೇ ಕೂದಲೆಳೆಯಷ್ಟು ಜರುಗಲು ಶುರುಮಾಡುತ್ತೆ. ಬಿಚ್ಚಿದಾಗ ಹೆಗಲಿನ ಮೇಲೆ ಕೆಂಪು-ಕಂದು ಪುಡಿ ಕಂಡರೆ ಅದಾಗಿದೆ ಅಂತಲೇ ತಿಳಿಯಿರಿ. ಅಂಚು ಬಡಿಯುವುದು ಎರಡನೇ ಕಾವಲು. ಬಿಗಿತ ಹೋದರೂ ನಟ್ ತಿರುಗಿ ಉದುರದಿರಲಿ ಅಂತ.

ಹಳೆ ನಟ್‌ನಲ್ಲಿ ಕೆಡುವುದು ಎರಡು. ಒಂದು, ಬಡಿದ ಜಾಗದ ಲೋಹ. ಮಡಚಿ, ಎಬ್ಬಿಸಿ, ಮತ್ತೆ ಮಡಚಿದರೆ ಅಲ್ಲೇ ಬಿರುಕು ಬಿಡುತ್ತೆ. ಎರಡು, ಥ್ರೆಡ್. ಮಡಚಿದ ಅಂಚನ್ನು ಪೂರ್ತಿ ಎಬ್ಬಿಸದೆ ಇಂಪ್ಯಾಕ್ಟ್ ಗನ್ ಹಾಕಿ ಬಿಚ್ಚಿದರೆ ಆ ನಾಲಗೆ ಥ್ರೆಡ್ ಮೇಲೆ ಉಜ್ಜಿಕೊಂಡು ಬರುತ್ತೆ. ನಟ್ ಹೋದರೆ ಹೋಗಲಿ, ಶಾಫ್ಟ್‌ನ ಥ್ರೆಡ್ ಹೋದರೆ ಖರ್ಚು ಬೇರೆಯೇ ಲೆಕ್ಕ. ಆದ್ದರಿಂದ ಹಳೆಯದನ್ನು ಎಸೆಯುವವರೂ ಮೊದಲು ಕಿರಿದಾದ ಪಂಚ್ ಹಾಕಿ ಅಂಚು ಎಬ್ಬಿಸಿಯೇ ಬಿಚ್ಚಬೇಕು.

ಹೊಸ ನಟ್ ಬರುವ ತನಕ ಗಾಡಿ ನಿಲ್ಲಿಸಲು ಆಗುವುದೇ ಇಲ್ಲ ಅಂದರೆ ಹಳೆಯದನ್ನು ಇನ್ನೊಂದೇ ಸಲ ಹಾಕಬಹುದು, ಷರತ್ತಿನ ಮೇಲೆ. ನಟ್ ಕೊನೆ ತನಕ ಬರೀ ಕೈಯಲ್ಲಿ ತಿರುಗಬೇಕು. ಅಂಚಿನಲ್ಲಿ ಎಲ್ಲೂ ಬಿರುಕಿರಬಾರದು. ಪೂರ್ತಿ ಟಾರ್ಕ್ ಬಂದಾಗ ಗ್ರೂವ್ ಎದುರಿಗೆ ಹಿಂದೆ ಬಡಿಯದ ಅಂಚು ಬಂದಿರಬೇಕು. ಹಳೆ ಗುಳಿಯೇ ಎದುರಿಗೆ ಬಂದರೆ? ಮಾಜ್ದಾ ಟಾರ್ಕ್ ಕೊಟ್ಟಿರುವುದು ಒಂದೇ ಅಂಕಿಯಲ್ಲ, 216ರಿಂದ 294. ಆ ಮಿತಿಯೊಳಗೆ ಇನ್ನಷ್ಟು ಬಿಗಿ ಮಾಡಿ ಹೊಸ ಅಂಚು ತಂದುಕೊಳ್ಳಿ. ಗುಳಿಗೆ ಹೊಂದಲಿ ಅಂತ ನಟ್‌ನ್ನು ಹಿಂದಕ್ಕೆ ಮಾತ್ರ ತಿರುಗಿಸಬೇಡಿ. ಅಲ್ಲಿಗೆ ಟಾರ್ಕ್ ಹಾಕಿದ್ದೇ ವ್ಯರ್ಥ.

ಆಟೋಕ್ರಾಸ್ ಓಡುವ ಗಾಡಿಗೆ ಈ ರಿಯಾಯಿತಿಯೂ ಬೇಡ ಅಂತ ನನ್ನ ಅಭಿಪ್ರಾಯ. ನಟ್ ಬೆಲೆ ಕೆಲವೇ ಡಾಲರ್.

ಬಡಿಯಲು ಚೂಪು ಉಳಿ ಬೇಡ, ಅದು ಅಂಚನ್ನು ಕತ್ತರಿಸುತ್ತೆ. ತುದಿ ದುಂಡಗಿರುವ ಪಂಚ್ ತೆಗೆದುಕೊಂಡು, ಅಂಚು ಗ್ರೂವ್‌ನ ತಳದ ಕಡೆಗೆ ಇಳಿಯುವಂತೆ ಎರಡು-ಮೂರು ಏಟು ಸಾಕು. ಬಿರುಕು ಬಿಟ್ಟರೆ ಆ ನಟ್ ತೆಗೆದು ಇನ್ನೊಂದು ಹಾಕಿ.

ಥ್ರೆಡ್‌ಗೆ ಎಣ್ಣೆ, ಆಂಟಿಸೀಜ್ (ತುಕ್ಕು ಹಿಡಿದು ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಬೇಡಿ. ಟಾರ್ಕ್‌ನ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತೆ, ಒಂದು ಪಾಲು ಮಾತ್ರ ಬಿಗಿತವಾಗುತ್ತೆ. ಮೇಲಿನ ಲೆಕ್ಕದಲ್ಲೇ ಗುಣಕ 0.2ರಿಂದ 0.15ಕ್ಕೆ ಇಳಿದರೆ 50 ಕಿಲೋನ್ಯೂಟನ್ ಇದ್ದದ್ದು 67 ಆಗುತ್ತೆ, ರೆಂಚ್ ಮಾತ್ರ ಅದೇ 200 ತೋರಿಸುತ್ತೆ. ಶಾಫ್ಟ್‌ನ ಸ್ಪ್ಲೈನ್‌ಗೆ (ಹಬ್ ಒಳಗೆ ಕೂರುವ ಹಲ್ಲುಗಳಿಗೆ) ಆಂಟಿಸೀಜ್ ತೆಳುವಾಗಿ ಹಚ್ಚಿ, ಮುಂದಿನ ಸಲ ಬಿಚ್ಚುವಾಗ ಉಪಕಾರವಾಗುತ್ತೆ. ಥ್ರೆಡ್, ನಟ್ ಕೂರುವ ಮುಖ ಎರಡೂ ಒಣಗಿರಲಿ.

ಸ್ಟುಟ್‌ಗಾರ್ಟ್_ಕನ್ನಡಿಗ

ಪೋರ್ಷೆ ಇಟ್ಟುಕೊಂಡವರು ಇದನ್ನು ಓದಿ ಹಳೆ ನಟ್ ಹಾಕಿಬಿಟ್ಟಾರು ಅಂತ ಒಂದು ಮಾತು. 986 ಬಾಕ್ಸ್‌ಟರ್, 996 ಮಾದರಿಯ 911, ಇವುಗಳ ಹಿಂದಿನ ಆಕ್ಸಲ್ ನಟ್ ತಾನಾಗಿ ಕಚ್ಚಿಕೊಳ್ಳುವ ಬಗೆಯದು, 32ರ ಸಾಕೆಟ್, ಟಾರ್ಕ್ 460 ನ್ಯೂಟನ್ ಮೀಟರ್. ಇದಕ್ಕೆ ಪ್ರತಿಸಲ ಹೊಸ ನಟ್, ಎರಡನೇ ಯೋಚನೆ ಬೇಡ. ಸಾಮಾನ್ಯವಾಗಿ ಮನೆಯಲ್ಲಿರುವ ಅರ್ಧ ಇಂಚಿನ ಟಾರ್ಕ್ ರೆಂಚ್ 340ರ ಆಸುಪಾಸಿಗೆ ನಿಲ್ಲುತ್ತೆ, ಮುಕ್ಕಾಲು ಇಂಚಿನದು ಬಾಡಿಗೆಗೆ ತನ್ನಿ. 460 ಅಂದರೆ ಒಂದು ಮೀಟರ್ ಹಿಡಿಯ ತುದಿಯಲ್ಲಿ 47 ಕೆಜಿ ತೂಗಿದಷ್ಟು. ಪೈಪ್ ಹಾಕಿ ಅಂದಾಜಿನಲ್ಲಿ ತುಳಿಯುವವರು ಇದಕ್ಕಿಂತ ಬಹಳ ಹೆಚ್ಚಾಗಿಯೋ ಕಡಿಮೆಯಾಗಿಯೋ ಹಾಕಿರುತ್ತಾರೆ.

ಅಂದಹಾಗೆ ನೇರ ಎಕ್ಸ್‌ಟೆನ್ಷನ್ ಹಾಕಿದರೆ ರೆಂಚ್‌ನ ಅಂಕಿ ಬದಲಾಗಲ್ಲ, ಅದಕ್ಕೆ ಲೆಕ್ಕ ತಿದ್ದಬೇಡಿ. ರೆಂಚ್‌ನ ಉದ್ದವನ್ನೇ ಹೆಚ್ಚಿಸುವ ಅಡಾಪ್ಟರ್ ಹಾಕಿದರೆ ಮಾತ್ರ ಬದಲಾಗುತ್ತೆ.

ಹೊಸ ಕಾಲದ ಗಾಡಿಯವರಿಗೆ ಇನ್ನೊಂದು ಎಚ್ಚರಿಕೆ: ಕೆಲವು ಬೇರಿಂಗ್‌ಗಳಲ್ಲಿ ಎಬಿಎಸ್ ಸೆನ್ಸರ್ ಓದುವ ಅಯಸ್ಕಾಂತದ ಪಟ್ಟಿ ಸೀಲ್ ಒಳಗೇ ಇರುತ್ತೆ. ಆ ಮುಖ ಸೆನ್ಸರ್ ಕಡೆಗೆ ಬರಬೇಕು. ತಿರುಗಾಮುರುಗಾ ಒತ್ತಿದರೆ ಬೇರಿಂಗ್ ಚೆನ್ನಾಗಿ ತಿರುಗುತ್ತೆ, ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಮಾತ್ರ ಆರುವುದಿಲ್ಲ. ಮತ್ತೆ ಬಿಚ್ಚಿದರೆ ಹೊಸ ಬೇರಿಂಗ್ ಹೋಯ್ತು.

ನೀಲಿ_ಎನ್‌ಬಿ

ತುಂಬಾ ಧನ್ಯವಾದ. ನಾಲ್ಕು ಹೊಸ ನಟ್ ಆರ್ಡರ್ ಮಾಡಿದೆ. ಈಗ ಇನ್ನೆರಡು ಪ್ರಶ್ನೆ. ಹಿಂದಿನ ಅಪ್‌ರೈಟ್ ಕೆಳಗಿನ ಉದ್ದ ಬೋಲ್ಟ್ ಅಲ್ಲಾಡುತ್ತಲೇ ಇಲ್ಲ, ತುಕ್ಕು ಹಿಡಿದು ಕಲ್ಲಾಗಿದೆ. ಅದನ್ನು ತೆಗೆಯದೆ ಬೇರಿಂಗ್ ಹಾಕಲು ಸಾಧ್ಯವೇ? ಮತ್ತೆ ನಟ್ ಸಡಿಲಿಸುವುದು, ಬಿಗಿ ಮಾಡುವುದು ಗಾಡಿ ನೆಲದ ಮೇಲಿದ್ದಾಗಲೋ ಎತ್ತಿದಾಗಲೋ?

ಪ್ರೆಸ್‌ಶಾಪ್

ಆ ಬೋಲ್ಟ್ ಉಪ್ಪು ತಿಂದ ಮಿಯಾಟಾಗಳಲ್ಲೆಲ್ಲ ಹಾಗೇ. ಬೋಲ್ಟೂ ರಬ್ಬರ್ ಬುಷ್‌ನ ಒಳಗಿನ ಉಕ್ಕಿನ ಕೊಳವೆಯೂ ತುಕ್ಕು ಹಿಡಿದು ಒಂದೇ ತುಂಡಾಗಿರುತ್ತವೆ. ತಲೆ ತಿರುಗಿಸಿದಾಗ ರಬ್ಬರ್ ಹಿಂಡಿಕೊಂಡು ಸ್ವಲ್ಪ ತಿರುಗಿದಂತೆ ಅನಿಸಿ ವಾಪಸ್ ಬಂದರೆ ಬೋಲ್ಟ್ ಬಿಟ್ಟಿಲ್ಲ, ಬುಷ್ ಹರಿಯುತ್ತಿದೆ ಅಂತ. ಬಲ ಹಾಕುವುದು ನಿಲ್ಲಿಸಿ.

ನಿಮ್ಮ ಕೆಲಸಕ್ಕೆ ಅದನ್ನು ತೆಗೆಯಬೇಕಾಗಿಲ್ಲ. ಅಪ್‌ರೈಟ್‌ನ ಮೇಲ್ಗಡೆ ಬೋಲ್ಟ್ ಒಂದನ್ನೇ ಬಿಚ್ಚಿ. ಕೆಳಗಿನ ಬೋಲ್ಟನ್ನೇ ಕೀಲಾಗಿಟ್ಟುಕೊಂಡು ಇಡೀ ಅಪ್‌ರೈಟ್ ಹೊರಕ್ಕೆ ವಾಲುತ್ತೆ, ಆಕ್ಸಲ್ ತುದಿ ಹಬ್‌ನಿಂದ ಈಚೆ ಬರುತ್ತೆ. ಬರದಿದ್ದರೆ ಹಳೆ ನಟ್‌ನ್ನು ಶಾಫ್ಟ್ ತುದಿಗೆ ಸಮನಾಗುವಂತೆ ತಿರುಗಿಸಿ, ಮೇಲೆ ಹಿತ್ತಾಳೆ ತುಂಡಿಟ್ಟು ಬಡಿಯಿರಿ. ಹಳೆ ನಟ್‌ಗೆ ಅತ್ಯುತ್ತಮ ಉಪಯೋಗ ಇದೇ. ಆಕ್ಸಲ್ ತೂಗಾಡದಂತೆ ತಂತಿಯಲ್ಲಿ ಕಟ್ಟಿ, ಸಿವಿ ಜಾಯಿಂಟ್ (ಆಕ್ಸಲ್‌ನ ಬಾಗುವ ಕೀಲು) ಎಳೆದು ಬಿಡಬೇಡಿ. ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಹೋಸ್ ಜಗ್ಗುತ್ತಿದೆಯಾ ಅಂತ ವಾಲಿಸುವಾಗ ನೋಡಿಕೊಳ್ಳಿ.

ಆಮೇಲೆ ಹಬ್‌ಗೆ ಸ್ಲೈಡ್ ಹ್ಯಾಮರ್, ಬೇರಿಂಗ್‌ಗೆ ಉದ್ದ ಸ್ಕ್ರೂ ಮತ್ತು ಬೇರೆ ಬೇರೆ ಅಳತೆಯ ಬಿಲ್ಲೆಗಳಿರುವ ಎಳೆಯುವ ಕಿಟ್. ಇಲ್ಲಿನ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತವೆ. ಸ್ಕ್ರೂಗೆ ಗ್ರೀಸ್ ಧಾರಾಳವಾಗಿ ಹಚ್ಚಿ, ಇಂಪ್ಯಾಕ್ಟ್ ಗನ್ ಹಾಕದೆ ಕೈಯಲ್ಲೇ ತಿರುಗಿಸಿ. ಬೇರಿಂಗ್ ಒಳಗೆ ಹೋಗಲು ಶುರುವಾದಾಗ ಸುತ್ತಲೂ ಸಂದು ಸಮನಾಗಿದೆಯಾ ನೋಡಿ. ಓರೆಯಾದರೆ ಅಲ್ಲೇ ನಿಲ್ಲಿಸಿ ಹಿಂದಕ್ಕೆ ತೆಗೆಯಿರಿ, ಒತ್ತಿ ನೇರ ಮಾಡುತ್ತೇನೆ ಅಂತ ಹೋಗಬೇಡಿ. ತಳ ಮುಟ್ಟಿದಾಗ ಸ್ಕ್ರೂ ಒಮ್ಮೆಲೇ ಗಟ್ಟಿಯಾಗುತ್ತೆ. ಸರ್ಕ್ಲಿಪ್ ತನ್ನ ಗ್ರೂವ್‌ನಲ್ಲಿ ಪೂರ್ತಿ ಕೂರದಿದ್ದರೆ ಬೇರಿಂಗ್ ಇನ್ನೂ ತಳ ಮುಟ್ಟಿಲ್ಲ.

ಮೇಲಿನ ಬೋಲ್ಟ್‌ನ ಕೊನೆ ಬಿಗಿ ಗಾಡಿ ತನ್ನ ಭಾರದ ಮೇಲೆ ಕೂತಾಗ ಮಾಡಿ. ತೂಗಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ಹಿಂಡಿಕೊಂಡೇ ಇದ್ದು ಬೇಗ ಹರಿಯುತ್ತೆ. ಒಳಗಡೆಯ ಅಲೈನ್‌ಮೆಂಟ್ ಕ್ಯಾಮ್ (ಚಕ್ರದ ಕೋನ ಹೊಂದಿಸುವ ಬೋಲ್ಟ್) ಮುಟ್ಟಿಲ್ಲವಾದ್ದರಿಂದ ಅಲೈನ್‌ಮೆಂಟ್ ಮಾಡಿಸಬೇಕಾಗಿಲ್ಲ.

ಹಿಂದಿನ ಕ್ಯಾಲಿಪರ್ ಪಿಸ್ಟನ್‌ನ್ನು ಸಿ ಕ್ಲ್ಯಾಂಪ್ ಹಾಕಿ ಒತ್ತಬೇಡಿ. ಹಿಂಭಾಗದಲ್ಲಿ 14ರ ಪ್ಲಗ್ ಬೋಲ್ಟ್ ಇದೆ, ತೆಗೆದರೆ ಒಳಗೆ 4 ಮಿ.ಮೀ. ಅಲೆನ್ ಸಿಗುತ್ತೆ. ಅಪ್ರದಕ್ಷಿಣವಾಗಿ ತಿರುಗಿಸಿದರೆ ಪಿಸ್ಟನ್ ಹಿಂದೆ ಸರಿಯುತ್ತೆ. ಜೋಡಿಸಿದ ಮೇಲೆ ಪ್ಯಾಡ್ ಡಿಸ್ಕ್‌ಗೆ ತಾಗುವ ತನಕ ಬಿಗಿ ಮಾಡಿ, ಸುತ್ತಿನ ಮೂರನೇ ಒಂದು ಭಾಗ ಹಿಂದಕ್ಕೆ ಬಿಡಿ.

ಘಾಟಿ_ತಿರುವು

ಎರಡನೇ ಪ್ರಶ್ನೆಗೆ: ಸಡಿಲಿಸುವುದು ನೆಲದ ಮೇಲೆ, ಚಕ್ರದ ನಡುವಿನ ಮುಚ್ಚಳ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಉದ್ದ ಬ್ರೇಕರ್ ಬಾರ್‌ನಿಂದ. ಮೊದಲ ಪಟ್ಟು ಬಿಟ್ಟರೆ ಸಾಕು, ಅಲ್ಲಿಗೇ ನಿಲ್ಲಿಸಿ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ನಟ್ ಸಡಿಲಿದ್ದಾಗ ಗಾಡಿಯನ್ನು ಒಂದು ಅಡಿಯೂ ಉರುಳಿಸಬೇಡಿ. ಒಳರಿಂಗ್‌ಗಳನ್ನು ಅದುಮಿ ಹಿಡಿಯುವುದು ಏನೂ ಇಲ್ಲದಿರುವಾಗ ಭಾರ ಬಿದ್ದರೆ ಬೇರಿಂಗ್ ಹಾಳಾಗುತ್ತೆ. ಹೊಸ ಬೇರಿಂಗ್ ಹಾಕಿ, ನಟ್ ಬಿಗಿಯದೆ ಗ್ಯಾರೇಜಿನಿಂದ ಹೊರಗೆ ತಳ್ಳಿ ಕೆಡಿಸಿದವರು ಇದ್ದಾರೆ.

ಅದೇ ಕಾರಣಕ್ಕೆ ಕೊನೆಯ ಟಾರ್ಕ್ ಗಾಡಿ ಎತ್ತಿದ್ದಾಗಲೇ. ಕ್ಯಾಲಿಪರ್, ಡಿಸ್ಕ್ ಜೋಡಿಸಿ, ಡಿಸ್ಕ್ ನೇರವಾಗಿ ಕೂರಲು ಎರಡು ವೀಲ್ ನಟ್ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ರೆಂಚ್ ಎಳೆಯಲಿ. ಹಿಂದೆ 216ರಿಂದ 294 ಇದೆಯಲ್ಲ, 250 ಸುಮಾರಿಗೆ ಇಟ್ಟುಕೊಳ್ಳಿ. ಮುಂದೆ 190. ಟಾರ್ಕ್ ಬಂದ ಮೇಲೆ ಬ್ರೇಕ್ ಬಿಟ್ಟು ಹಬ್‌ನ್ನು ಕೈಯಲ್ಲಿ ಹತ್ತಾರು ಸುತ್ತು ತಿರುಗಿಸಿ ಮತ್ತೊಮ್ಮೆ ಅದೇ ಅಂಕಿಗೆ ಪರೀಕ್ಷಿಸಿ, ಆಮೇಲೆ ಅಂಚು ಬಡಿಯಿರಿ. ವೀಲ್ ನಟ್‌ಗೆ 88ರಿಂದ 118.

ನಟ್‌ನಿಂದ ಶಾಫ್ಟ್‌ಗೆ ಅಡ್ಡಲಾಗಿ ಬಿಳಿ ಪೇಂಟ್ ಪೆನ್‌ನಿಂದ ಒಂದು ಗೆರೆ ಎಳೆದಿಡಿ. ಮೊದಲ ಆಟೋಕ್ರಾಸ್ ಮುಗಿದ ಮೇಲೆ ಮುಚ್ಚಳ ತೆಗೆದು ನೋಡಿ. ಗೆರೆ ಮುರಿದಿದ್ದರೆ ನಟ್ ಜರುಗಿದೆ. ಆಗ ಅದನ್ನೇ ಬಿಗಿ ಮಾಡಿ ಮುಂದುವರಿಯಬೇಡಿ. ಬಿಚ್ಚಿ, ಒಳರಿಂಗ್ ಕೂರುವ ಹೆಗಲು, ಸಿವಿ ಜಾಯಿಂಟ್‌ನ ಮುಖ ಎರಡನ್ನೂ ನೋಡಿ. ಅಲ್ಲಿ ತುಕ್ಕೋ ಬಣ್ಣವೋ ಉಳಿದಿರುತ್ತೆ, ಅಥವಾ ಬೇರಿಂಗ್ ಪೂರ್ತಿ ಕೂತಿರುವುದಿಲ್ಲ.